ಸೀರೆಗಳ ನಡುವಿನ ಬುತ್ತಿ

ಶಹಾಪುರದ ಸೀರೆ ಅಂಗಡಿಯಲ್ಲಿ ನನ್ನ ಪಕ್ಕದ ಕೌಂಟರಿನಲ್ಲಿ ಒಬ್ಬ ಅಕ್ಕ ಇದ್ದಳು. ಗಿರಾಕಿಗಳಿಗೆ ಸ್ಟೂಲುಗಳಿದ್ದವು, ನಮಗೆ ಇರಲಿಲ್ಲ. ಅಕ್ಕ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಬುತ್ತಿ ಕಟ್ಟಿಕೊಂಡು ಬಂದು ಕಪಾಟಿನ ಸೀರೆಗಳ ನಡುವೆ ಇಡುತ್ತಿದ್ದಳು. ಊಟಕ್ಕೆ ಕರೆದರೆ ಒಂದೇ ಮಾತು: "ಇದೊಂದು ಗಿರಾಕಿ ಆಗ್ಲಿ ತಡಿ." ಮದುವೆಯ ದಿನಗಳಲ್ಲಿ ಆ ಒಂದು ಗಿರಾಕಿ ಮುಗಿಯುತ್ತಲೇ ಇರಲಿಲ್ಲ. ಬುತ್ತಿ ಎಷ್ಟೋ ಸಲ ಬಿಚ್ಚದೆಯೇ ಮನೆಗೆ ಮರಳುತ್ತಿತ್ತು.

ಒಮ್ಮೆ ಬಳಿಚಕ್ರ ಊರಿನವರು ಮದುವೆ ಜವಳಿಗೆ ಬಂದಿದ್ದರು. ಬೆಳಿಗ್ಗೆಯಿಂದ ಸೀರೆ ಬಿಡಿಸಿ ಬಿಡಿಸಿ ಅಕ್ಕನಿಗೆ ಕಣ್ಣು ಕತ್ತಲಿಟ್ಟಿತ್ತೋ ಏನೋ, "ಇದು ನೋಡ್ರಿ, ಖರೇ ಇಳಕಲ್" ಎನ್ನುತ್ತ ಬುತ್ತಿ ಗಂಟನ್ನೇ ಎಳೆದು ಅವರ ಮುಂದೆ ಬಿಚ್ಚಿಬಿಟ್ಟಳು. ಒಳಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ! ಎಲ್ಲರೂ ನಕ್ಕರು. ಮದುಮಗಳ ಅಜ್ಜಿ ಮಾತ್ರ ನಗಲಿಲ್ಲ.

"ನಾಕ್ ಹೊಡದಾವ, ಇನ್ನಾ ಉಂಡಿಲ್ಲೇನವ್ವಾ? ಕುಂದ್ರು, ಉಣ್ಣು. ನಾವೆಲ್ಲಿ ಹೋಗಂಗಿಲ್ಲ" ಎಂದು ಕೈಹಿಡಿದು ತನ್ನ ಸ್ಟೂಲಿನ ಮೇಲೆ ಕೂಡಿಸಿದಳು.

ಅಕ್ಕ ಒಂದು ತುತ್ತು ಬಾಯಿಗಿಟ್ಟು ಮೆಲ್ಲಗೆ ಎದ್ದು ನಿಂತಳು.

"ಕುಂತ್ರ ಗಂಟಲ್ದಾಗ ಇಳಿಯವಲ್ದರಿ ಯವ್ವ. ರೂಢಿ ತಪ್ಪ್ಯಾದ."

ನಿಂತೇ ಉಂಡಳು. ಎಡಗೈ ಆಗಲೇ ಸೀರೆ ಮಡಚುತ್ತಿತ್ತು.