ಮೂಗಿಗೆ ಬಿಡಿ, ಮೂಗಿಗೆ ಹೊಡೀರಿ

ವಿಡಿಯೋ ಕರೆಯಲ್ಲಿ ನಾನು “ಮೂಗಿಗೆ ಬಿಡಿ, ಬೇಗ ಬಿಡಿ!” ಎಂದು ಕೂಗಿದೆ. ಮಗುವಿನ ಅಜ್ಜಿ ಬಿಟ್ಟರು. ಅವರ ಕೈಯಲ್ಲಿದ್ದ ಉಳ್ಳಾಗಡ್ಡಿ, ನಮ್ಮ ಕಡೆಯ ಈರುಳ್ಳಿ, ನೆಲಕ್ಕೆ ಬಿದ್ದು ಉರುಳಿತು. ಫಿಟ್ಸ್‌ನಿಂದ ಅದುರುತ್ತಿದ್ದ ಪುಟ್ಟ ಮೌನೇಶನ ಔಷಧ ಮಾತ್ರ ಅವನ ತಾಯಿಯ ಮುಷ್ಟಿಯಲ್ಲೇ ಉಳಿಯಿತು. ಈಗಲೂ ಕಣ್ಣು ಮುಚ್ಚಿದರೆ ಆ ಉಳ್ಳಾಗಡ್ಡಿ ಉರುಳುತ್ತದೆ.

ನಾನು ಮೈಸೂರಿನವಳು, ಮಕ್ಕಳ ನರರೋಗ ವೈದ್ಯೆ. ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ಇಲಿಗಳ ಮಿದುಳಿನ ವಿದ್ಯುತ್ತನ್ನು ನೋಡುತ್ತಾ, ಕೆಲವು ಫಿಟ್ಸ್ ತಾನಾಗಿಯೇ ಏಕೆ ನಿಲ್ಲುವುದಿಲ್ಲ ಎಂದು ಹುಡುಕಿದೆ. ಅದೇ ಪ್ರಶ್ನೆ ಹಿಡಿದು ಶಹಾಪುರಕ್ಕೆ ಬಂದೆ. ಆಸ್ಪತ್ರೆ ದೂರವಿರುವ ಹಳ್ಳಿಗಳಲ್ಲಿ, ಮೂಗಿನ ಸ್ಪ್ರೇಯಿಂದ ಮನೆಯವರೇ ಫಿಟ್ಸ್ ನಿಲ್ಲಿಸಬಲ್ಲರೇ ಎಂದು ತಿಳಿಯುವುದು ನನ್ನ ಸಂಶೋಧನೆ.

ಬಾಡಿಗೆ ಮನೆಯ ಕಿಟಕಿಯಲ್ಲಿ ಮಲಗಿದ ಬುದ್ಧನಂತಹ ಬೆಟ್ಟ. ಮೈಸೂರಿನಲ್ಲಿ ಅನ್ನವಿಲ್ಲದೆ ಊಟವಿಲ್ಲ, ಇಲ್ಲಿ ರೊಟ್ಟಿ, ಪುಂಡಿಪಲ್ಯ ಬಿಟ್ಟು ಬರೀ ಅನ್ನ ಕೇಳಿದರೆ ಮನೆಯೊಡತಿ, “ಯಾಕ್ರಿ, ಆರಾಮಿಲ್ಲೇನು?” ಎಂದು ಹಣೆ ಮುಟ್ಟಿ ನೋಡುತ್ತಾರೆ. ಸಂಜೆಗಳು ಉದ್ದ, ಮಾತಿಗೆ ಜನವಿಲ್ಲ. ಭಾಷೆಯ ಚಿಂತೆಯಂತೂ ಇರಲಿಲ್ಲ. ಕನ್ನಡ ತಾನೆ?

ಆ ಮಧ್ಯಾಹ್ನ ಕಕ್ಕೇರಾದಿಂದ ಮೌನೇಶನ ತಾಯಿ ದೇವಮ್ಮ, ನಾವು ಕೊಟ್ಟಿದ್ದ ಸ್ಪ್ರೇ ಕೈಯಲ್ಲಿ ಹಿಡಿದು, ಕರೆ ಮಾಡಿದಳು. ಗಂಡಸರು ಕುರಿ ಹೊಡೆದುಕೊಂಡು ಹೋಗಿದ್ದರು. ಘಾಟಿಗೆ ಎಚ್ಚರವಾಗಲೆಂದು ಅಜ್ಜಿ ಮಗುವಿನ ಮೂಗಿಗೆ ಉಳ್ಳಾಗಡ್ಡಿ ಒತ್ತಿ ಹಿಡಿದಿದ್ದರು. ಬಿಡಿ ಎಂದರೆ ನಮ್ಮ ಕಡೆ ಮೂಗಿಗೆ ಔಷಧ ಹಾಕಿ ಎಂದು. ಅಜ್ಜಿಗೆ ಕೇಳಿಸಿದ್ದು, ಕೈ ತೆಗೆ ಎಂದು.

“ಬಿಟ್ಟೇನ್ರೀ ಡಾಕ್ಟರಬಾಯಿ!”

ದೇವಮ್ಮನೂ ಔಷಧ ಹಿಡಿದೇ ಹಿಂದೆ ಸರಿದಳು. “ಬಿಡು ಅಂತಾರ ಅತ್ತಿ, ದವಾ ಬ್ಯಾಡಂತ.”

ಮಗುವಿನ ತುಟಿ ನೀಲಿಯಾಗುತ್ತಿತ್ತು. ನಾನು ಬಿಡಿ, ಬಿಡಿ ಎಂದಷ್ಟೂ ಅವರು ದೂರ ಹೋಗುತ್ತಿದ್ದರು. ಆಗ ಎಲ್ಲಿಂದಲೋ ಹತ್ತಿ ಹೊಲ ನೆನಪಾಯಿತು. ಕೀಟನಾಶಕಕ್ಕೆ ಇಲ್ಲಿ ಎಣ್ಣಿ ಎನ್ನುತ್ತಾರೆ.

“ದೇವಮ್ಮಾ, ಹತ್ತಿಗೆ ಎಣ್ಣಿ ಹೊಡೀತಾರಲ್ಲ, ಹಂಗೆ ಮೂಗಿಗೆ ದವಾ ಹೊಡೀರಿ!”

“ಹಂಗನ್ರಿ ಮತ್ತ!”

ಹೊಡೆದಳು. ಅದುರುವುದು ನಿಧಾನವಾಯಿತು, ನಿಂತಿತು. ಎದೆ ಏರಿಳಿಯಿತು. ಸುರಪುರದ ಆಂಬುಲೆನ್ಸ್ ತಲುಪುವಷ್ಟರಲ್ಲಿ ತುಟಿಗೆ ಬಣ್ಣ ಬಂದಿತ್ತು.

ಮುಂದಿನ ವಾರ ಅಜ್ಜಿ ಮೌನೇಶನನ್ನು ಕಂಕುಳಲ್ಲಿ ಹೊತ್ತು ಶಹಾಪುರಕ್ಕೆ ಬಂದರು. ಅವನು ನನ್ನ ಸ್ಟೆತಸ್ಕೋಪು ಎಳೆಯುತ್ತಿದ್ದ.

“ಹೊಡಿ ಅನ್ನಾಕ ಏನಾಗಿತ್ತವ್ವಾ ನಿನಗ? ಬಿಡು ಅಂದ್ರ ಬಿಡದ ಏನ್ ಮಾಡ್ಲಿ? ನೀ ಕನ್ನಡದಾಕಿ ಹೌದೋ ಅಲ್ಲೋ?”

“ಕಲಿಯಾಕತ್ತೇನಿ ಅಜ್ಜಿ” ಎಂದೆ. ಅವರು ನಕ್ಕ ನಗೆಗೆ ಸಾಲಿನಲ್ಲಿ ಕೂತವರೆಲ್ಲ ನಕ್ಕರು. ಈಗ ನಾವು ಕೊಡುವ ಪ್ರತಿ ಸ್ಪ್ರೇಯ ಮೇಲೂ ‘ಮೂಗಿಗೆ ಹೊಡೀರಿ’ ಎಂದೇ ಬರೆಸಿದ್ದೇನೆ.

ನಿನ್ನೆ ಮೈಸೂರಿನಿಂದ ಅಕ್ಕ ಫೋನ್ ಮಾಡಿದ್ದಳು. ಭಾವನಿಗೆ ಶೀತ, ಮೂಗು ಕಟ್ಟಿದೆಯಂತೆ. ಡ್ರಾಪ್ಸ್ ಇದೆಯಲ್ಲ, ಎರಡು ಸಲ ಮೂಗಿಗೆ ಹೊಡಿ ಎಂದೆ.

ಅಕ್ಕ ಕೇಳಿದಳು, “ಹೊಡೀಲಾ? ಅವರೇನು ತಪ್ಪು ಮಾಡಿದ್ರು ಕಣೇ, ಪಾಪ?”