ಬೀರುವಿನೊಳಗಿನ ಗಿಡಗಳು ಮತ್ತು ನಮ್ಮ ಚಿಕ್ಕಮ್ಮ

ನನ್ನ ಅಕ್ಷರ ಚೆನ್ನಾಗಿಲ್ಲ, ಮಾತೂ ಸಾಲದು. ಎಂಟನೇ ತರಗತಿಗೇ ಶಾಲೆ ಬಿಟ್ಟವಳು. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಶಾಲೆಯ ವಾರ್ಷಿಕ ಸಂಚಿಕೆಗೆ ಚಿಕ್ಕಮ್ಮನ ಬಗ್ಗೆ ಬರೆದುಕೊಡು ಎಂದು ಎರಡನೇ ತರಗತಿಯ ಟೀಚರ್ ಕೇಳಿದ್ದರಿಂದ ಬರೆಯುತ್ತಿದ್ದೇನೆ.

ಚಿಕ್ಕಮ್ಮ ಹತ್ತೊಂಬತ್ತು ವರ್ಷಗಳಿಂದ ಆ ಶಾಲೆಯ ಆಯಾ. ಗಂಟೆ ಹೊಡೆಯುವುದು, ಕಸ ಗುಡಿಸುವುದು, ಸುರಿಯುವ ಮೂಗು ಒರೆಸುವುದು ಅವಳ ಕೆಲಸ. ಅವಳ ಕಣ್ಣೆದುರು ಯಾರೂ ಮುಖ ಸಪ್ಪಗೆ ಮಾಡಿಕೊಂಡು ಕೂರುವ ಹಾಗಿಲ್ಲ, ಬೀದಿಯ ಬೆಕ್ಕೂ ಸಹ. ನಾನು ಅವಳ ಮನೆ ಸೇರಿದ್ದೂ ಹಾಗೆಯೇ.

ಈ ವರ್ಷ ಮಕ್ಕಳು ಕೈಯಾರೆ ಮಾಡಿ ವಿಜ್ಞಾನ ಕಲಿಯಬೇಕೆಂದು ಆದೇಶ ಬಂತು. ಟೀಚರ್ ಹೊಸಬರು. ತಪಾಸಣೆಯ ಅಧಿಕಾರಿ ಒಪ್ಪಿದರೆ ಮಾತ್ರ ಅವರ ಕೆಲಸ ಕಾಯಂ. ಅವರು ಮಕ್ಕಳಿಂದ ಕಾಗದದ ಲೋಟಗಳಲ್ಲಿ ಬೀನ್ಸ್ ಬೀಜ ಹಾಕಿಸಿ, ಅರ್ಧವನ್ನು ಕಿಟಕಿಯ ಬಳಿ, ಉಳಿದದ್ದನ್ನು ಬೀರುವಿನ ಕತ್ತಲಲ್ಲಿ ಇಡಿಸಿದರು. ‘ಬೆಳಕಿಲ್ಲದೆ ಗಿಡ ಹಸಿರಾಗದು ಎಂದು ನಾವೇ ಕಂಡುಕೊಂಡೆವು’ ಎಂಬ ಚಾರ್ಟನ್ನು ಬೀಜ ಹಾಕಿದ ದಿನವೇ ಗೋಡೆಗೆ ಅಂಟಿಸಿಯೂ ಆಯಿತು. ಬೀರುವಿನ ಬೀಗದ ಕೈ ಮತ್ತು ನೀರು ಹಾಕುವ ಜವಾಬ್ದಾರಿ ಚಿಕ್ಕಮ್ಮನದು.

ಹದಿನೈದನೇ ದಿನ ಅಧಿಕಾರಿ ಬಂದರು. ಚಿಕ್ಕಮ್ಮನಿಗೆ ಊಟದ ಡಬ್ಬಿ ಕೊಡಲು ಹೋದ ನಾನು ಬಾಗಿಲಲ್ಲೇ ನಿಂತೆ. ಕಿಟಕಿಯ ಲೋಟಗಳಲ್ಲಿ ಬರೀ ಮಣ್ಣಿತ್ತು. ಮೊಳಕೆ ಬಂತೇ ಎಂದು ಮಕ್ಕಳು ದಿನವೂ ಕೈಯಾರೆ ಬೀಜ ಕಿತ್ತು ನೋಡುತ್ತಿದ್ದರು. ಬೀರು ತೆರೆದರೆ ಒಳಗೆ ಹಚ್ಚಹಸಿರು ಗಿಡಗಳು.

“ಮಿಸ್, ಚಾರ್ಟ್ ತಪ್ಪು,” ಎಂದಳು ಮುಂದಿನ ಸಾಲಿನ ಪುಟಾಣಿಯೊಬ್ಬಳು.

“ಸುಮ್ನೆ ಕೂತ್ಕೋ. ಪುಸ್ತಕದಲ್ಲಿ ಹಾಗೇ ಇದೆ. ಗಿಡಕ್ಕೇನು ಗೊತ್ತು?” ಎಂದರು ಹೆಡ್‌ಮಾಸ್ಟರ್. ಟೀಚರ್ ಮುಖ ಬಿಳಿಚಿಕೊಂಡಿತ್ತು.

ಚಿಕ್ಕಮ್ಮ ಪೊರಕೆ ಕೆಳಗಿಟ್ಟಳು. “ಸಾರ್, ಟೀಚರಮ್ಮನ ತಪ್ಪಲ್ಲ. ಮಧ್ಯಾಹ್ನ ಮಕ್ಕಳು ಹೋದ್ಮೇಲೆ ನಾನೇ ಅವನ್ನ ಬಿಸಿಲಿಗೆ ಇಡ್ತಿದ್ದೆ. ಸಂಜೆ ಮತ್ತೆ ಒಳಗೆ.”

“ಯಾಕಮ್ಮ?” ಅಧಿಕಾರಿ ಕೇಳಿದರು.

“ಕತ್ತಲಲ್ಲಿ ಕೂಡಿಹಾಕೋಕೆ ಅವು ಏನ್ ತಪ್ಪು ಮಾಡಿದ್ವು ಸಾರ್?”

ಮಕ್ಕಳು ಅವಳನ್ನು ಮುತ್ತಿಕೊಂಡರು.

“ಆಯಮ್ಮ, ಎಷ್ಟು ಹೊತ್ತು ಇಡ್ತಿದ್ರಿ?”

“ಮೋಡ ಇದ್ದ ದಿನ?”

“ಎಲ್ಲಾ ಲೋಟಾನೂ ಇಟ್ರಾ?”

“ಮೂಲೇಲಿ ಒಂದು ನನ್ನ ಕೈಗೆ ಎಟುಕ್ತಿರಲಿಲ್ಲ ಕಣೋ. ಪಾಪ, ಅದಕ್ಕೆ ನೀರಷ್ಟೇ ಎರಚ್ತಿದ್ದೆ.”

ಒಬ್ಬ ಹುಡುಗ ಬೀರುವಿನೊಳಗೆ ತೂರಿ ಅದನ್ನು ತಂದ. ಹಳದಿ ದಾರದಂಥ ಉದ್ದನೆಯ ಮೊಳಕೆ, ಲೋಟದಿಂದ ಆಚೆ ಜೋತುಬಿದ್ದಿತ್ತು. ಮಕ್ಕಳು ಅದನ್ನೂ ಹಸಿರು ಗಿಡವನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಸದ್ದಾಗುತ್ತಿದೆ, ಎಲ್ಲರೂ ಜಾಗಕ್ಕೆ ಹೋಗಿ ಎಂದು ಹೆಡ್‌ಮಾಸ್ಟರ್ ಮೇಜು ಕುಟ್ಟಿದರು.

ಅಧಿಕಾರಿ ವರದಿಯಲ್ಲಿ ‘ಪ್ರಯೋಗ ಉತ್ತಮ. ಶಿಸ್ತು ಸಾಲದು. ಆಯಾಗೆ ತರಬೇತಿ ಅಗತ್ಯ’ ಎಂದು ಬರೆದರು. ಟೀಚರ್ ಕೆಲಸ ಕಾಯಂ ಆಯಿತು. ಎರಡು ದಿನ ತರಬೇತಿಗೆ ಹೋಗಿಬಂದ ಚಿಕ್ಕಮ್ಮನನ್ನು ಅಲ್ಲಿ ಏನು ಹೇಳಿಕೊಟ್ಟರೆಂದು ಕೇಳಿದೆ. “ಗಿಡಕ್ಕೆ ಬಿಸಿಲು ಬೇಕಂತೆ ಕಣೆ,” ಎಂದಳು.

ಸೋಮವಾರ ಮಕ್ಕಳು ಮತ್ತೆ ಬೀಜ ಹಾಕುತ್ತಾರೆ. ಬೀಗದ ಕೈಯನ್ನು ಟೀಚರ್ ಈ ಸಲ ನನಗೆ ಕೊಟ್ಟಿದ್ದಾರೆ. ಹದಿನೈದು ದಿನ ನಾನು ಮಧ್ಯಾಹ್ನವೇ ಹೋಗಿ, ಚಿಕ್ಕಮ್ಮ ಮನೆಗೆ ಹೊರಡುವ ತನಕ ಬೀರುವಿಗೆ ಬೆನ್ನು ಕೊಟ್ಟು ಕೂರುತ್ತೇನೆ.