ಶುಕ್ರನ ಹಿಂದೆ ಬಂದ ಸೂರ್ಯ

ಶುಕ್ರನ ಫೋಟೊ ತೆಗೆದ ಖುಷಿಗೆ ಆ ಬೆಳಿಗ್ಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಎಂಬತ್ತರ ದಶಕದ ಮಾತು; ನಾನಾಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಜಾಲಹಳ್ಳಿಯ ಕ್ವಾರ್ಟರ್ಸಿನ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ನನ್ನ ಟೆಲಿಸ್ಕೋಪ್ ನಿಂತಿತ್ತು. ಅದರ ಆರಂಗುಲದ ಕನ್ನಡಿಯನ್ನು ಐದು ತಿಂಗಳು ಕೂತು, ಗಾಜು ಉಜ್ಜಿ ಉಜ್ಜಿ ನಾನೇ ಮಾಡಿದ್ದೆ. ಕೊಳವೆ, ಸ್ಟ್ಯಾಂಡು ಅಪ್ಪನ ಕೈಕೆಲಸ.

ಅಪ್ಪ ಫ್ಯಾಕ್ಟರಿಯಲ್ಲಿ ಟರ್ನರ್, ಲೇತ್ ಯಂತ್ರದಲ್ಲಿ ಲೋಹ ಕಡೆಯುವ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಕಣ್ಣಲ್ಲೇ ಹಿಡಿಯುವವರು. ಯಂತ್ರಗಳ ಸದ್ದಿಗೆ ಕಿವಿ ಮಾತ್ರ ಮಂದವಾಗಿತ್ತು.

ಬೆಳಕು ಹರಿಯುವ ಮುಂಚೆಯೇ ಶುಕ್ರನನ್ನು ಹಿಡಿದು, ಕೊಳವೆಯನ್ನು ಇಷ್ಟಿಷ್ಟೇ ತಳ್ಳುತ್ತ ಹಿಂಬಾಲಿಸಿದೆ. ಆಕಾಶ ನೀಲಿಯಾದರೂ ಅವನು ಕಾಣುತ್ತಲೇ ಇದ್ದ, ಕತ್ತರಿಸಿದ ಉಗುರಿನಂಥ ಎಳೆ! ಎಂಟು ಸಲ ಕ್ಲಿಕ್ಕಿಸಿದೆ. ಸೂರ್ಯ ಹುಟ್ಟಿದ್ದೇ ತಡ, ಎರವಲು ತಂದಿದ್ದ ಕ್ಯಾಮೆರಾ ಬಿಚ್ಚಿಕೊಂಡು ಹಿಂದಿನ ಬೀದಿಯ ಗೆಳತಿಯ ಮನೆಗೆ ಓಡಿದೆ. ಟೆಲಿಸ್ಕೋಪಿಗೆ ಮುಚ್ಚಳ ಹಾಕಲಿಲ್ಲ.

ಅವಳ ಅಡುಗೆಮನೆಯಲ್ಲಿ ಒಂದು ಗಂಟೆ ಕೊರೆದೆ. "ಹಗಲಲ್ಲಿ ಕಣೇ, ಹಗಲಲ್ಲಿ!"

"ಸಾಕು ನಿಲ್ಲಿಸೇ, ದೋಸೆ ಸೀದುಹೋಗತ್ತೆ. ಹಂಗಾದ್ರೆ ಸೂರ್ಯ ಎಲ್ಲಿದ್ದ?"

"ಅವನು ಹಿಂದೇನೇ ಬರ್ತಿರ್ತಾನೆ. ಒಂದು ಗಂಟೆ ತಡವಾಗಿ, ಅದೇ ದಾರೀಲಿ..."

ನಾನು ಬಿಟ್ಟು ಬಂದ ಕೊಳವೆ ಈಗ ನೇರ ಸೂರ್ಯನತ್ತ ಮುಖ ಮಾಡಿತ್ತು. ರಾತ್ರಿ ಪಾಳಿ ಮುಗಿಸಿ ಅಪ್ಪ ಮನೆಗೆ ಬರುವ ಹೊತ್ತು. ಬಂದ ತಕ್ಷಣ ಹಿತ್ತಲಿಗೇ ಹೋಗುತ್ತಾರೆ.

ಓಡಿದೆ. ಬೇಲಿಯ ಆಚೆಯಿಂದಲೇ ಕಂಡಿತು: ಅಪ್ಪ ಕನ್ನಡಕ ತೆಗೆದು ಜೇಬಿಗಿಟ್ಟು, ಟೆಲಿಸ್ಕೋಪಿಗೆ ಕಣ್ಣಿಡಲು ಬಾಗುತ್ತಿದ್ದಾರೆ.

"ಅಪ್ಪಾ! ನೋಡ್ಬೇಡಿ!"

ಕೇಳಿಸಲಿಲ್ಲ.

ಓಡುವ ಯಂತ್ರದ ಹತ್ತಿರ ಮುಖ ಒಯ್ಯುವ ಮುಂಚೆ ಕೈ ಅಡ್ಡ ಹಿಡಿಯುವುದು ಅವರ ಅಭ್ಯಾಸ. ಸಿಡಿಯುವ ಚೂರು ಮೊದಲು ಕೈಗೆ ತಾಗಲಿ ಎಂದು. ಅವತ್ತೂ ಅಂಗೈ ಮೊದಲು ಹೋಯಿತು. "ಅಮ್ಮಾ!" ಎಂದು ಕೈ ಕೊಡವಿದರು. ಅಂಗೈ ನಡುವೆ ಕಾಳುಮೆಣಸಿನಷ್ಟು ಸುಟ್ಟ ಗುರುತು.

"ಏನೇ, ಒಳಗೆ ಸ್ಟೌ ಹಚ್ಚಿಟ್ಟಿದೀಯಾ?"

ನಾನು ಕೊಳವೆಗೆ ಮುಚ್ಚಳ ಹಾಕಿದೆ. ಈಗಲೂ ಆ ಬಾಗುವ ಬೆನ್ನು ಕಣ್ಣ ಮುಂದೆ ಬರುತ್ತದೆ. ಪ್ರತಿ ಸಲವೂ ನನ್ನ ಕೂಗು ತಡವಾಗಿರುತ್ತದೆ. ಅಪ್ಪ ಮಾತ್ರ ಕೈಯನ್ನು ನೀರಿನ ತೊಟ್ಟಿಗೆ ಅದ್ದಿಕೊಂಡು, "ಫೋಟೊ ಬಂತಾ?" ಎಂದರು.

ಬಂದಿತ್ತು, ಎಂಟರಲ್ಲಿ ಒಂದು. ಪ್ರಿಂಟ್ ತಂದ ದಿನ ನಾನು ಕುಣಿಯುತ್ತಿದ್ದರೆ, ಅವರು ಒಂದು ಕಣ್ಣು ಮುಚ್ಚಿ ನೋಡಿದರು, ಆಮೇಲೆ ಇನ್ನೊಂದು ಮುಚ್ಚಿ.

"ಸಕ್ಕತ್ತಾಗಿದೆ ಕಣೇ. ಕೆಳಗಿನ ತುದಿ ಒಂಚೂರು ಮಸುಕು."

ಭೂತಗನ್ನಡಿ ತಂದು ನೋಡಿದೆ. ಹೌದು, ಮಸುಕಾಗಿತ್ತು.